ಕಟ್ಟಿದ ಬಚ್ಚಲಿಗೆ ಹೀರಾಬಿಯ ಸ್ಪ್ರಿಂಗು

ಫಜರ್ ನಮಾಜಿನ ಕೂಗು ಮುಗಿದಿದೆ, ಬೆಳಕು ಇನ್ನೂ ಹರಿದಿಲ್ಲ. ರಾಯಚೂರಿನ ಅಂದ್ರೂನ್ ಕಿಲ್ಲಾದ ಓಣಿಯೊಂದರಲ್ಲಿ ಹಸೀನಾ ಬೇಗಂ ಅವರ ಮನೆಯ ಗಂಡಸರೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂತು ಆಕಳಿಸುತ್ತಿದ್ದಾರೆ. ಒಳಗೆ ಬಚ್ಚಲಿನಲ್ಲಿ ಪಾದ ಮುಳುಗುವಷ್ಟು ನೀರು ನಿಂತಿದೆ. ಆ ನೀರಿನ ನಡುವೆ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಿನಲ್ಲಿ ಕಚ್ಚಿಕೊಂಡು ಹೀರಾಬಿ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ.

ಕೈಯಲ್ಲಿ ಉದ್ದನೆಯ ಕಬ್ಬಿಣದ ಸುರುಳಿ. ಹೆಬ್ಬೆರಳು ಗಾತ್ರದ ಸ್ಪ್ರಿಂಗು ಅದು. ಒಂದು ತುದಿಗೆ ತಿರುಪು ಮೊಳೆಯಂತೆ ತಿರುಚಿದ ಮೂತಿ, ಇನ್ನೊಂದು ತುದಿಗೆ ತಿರುಗಿಸಲು ಹಿಡಿಕೆ. ಎಡಗೈಯಿಂದ ಸ್ಪ್ರಿಂಗನ್ನು ಮೋರಿಯ ಬಾಯೊಳಗೆ ಚೂರುಚೂರೇ ನೂಕುತ್ತಾರೆ, ಬಲಗೈಯಿಂದ ಹಿಡಿಕೆ ತಿರುಗಿಸುತ್ತಾರೆ. ನೂಕು, ತಿರುಗಿಸು, ನಿಲ್ಲು. ನಿಂತಾಗಲೆಲ್ಲ ಅವರ ಹುಬ್ಬು ಗಂಟಾಗುತ್ತದೆ.

“ಏನು ಸಿಕ್ತು?” ಎಂದು ಬಾಗಿಲಲ್ಲಿ ನಿಂತ ಹಸೀನಾ ಬೇಗಂ ಕೇಳುತ್ತಾರೆ.

“ಗೊತ್ತಿಲ್ರೀ. ಮೆತ್ತಗ ಏನೋ ಅದ. ಬಟ್ಟಿಯೋ ಕೂದಲೋ ತಿಳಿಯವಲ್ದು.”

ಮತ್ತೊಂದಿಷ್ಟು ತಿರುಗಿಸಿ, ಉಸಿರು ಬಿಗಿಹಿಡಿದು ಎಳೆಯುತ್ತಾರೆ. ಕೂದಲಿನ ದೊಡ್ಡದೊಂದು ಗಂಟು, ಕರಗಿದ ಸಾಬೂನಿನ ಜಿಡ್ಡು, ತೆಂಗಿನ ನಾರು, ಯಾವುದೋ ಕೂಸಿನ ಒಂದು ಕಾಲುಚೀಲ ಮೂತಿಗೆ ಸುತ್ತಿಕೊಂಡು ಹೊರಬರುತ್ತವೆ. ಬಚ್ಚಲು ಗುಳಗುಳ ಸದ್ದು ಮಾಡಿ ನೀರನ್ನೆಲ್ಲ ಒಮ್ಮೆಲೇ ಕುಡಿದುಬಿಡುತ್ತದೆ. ಮನೆಯ ಹೆಣ್ಣುಮಕ್ಕಳು ನಗುತ್ತಾರೆ. ಹೀರಾಬಿ ಮಾತ್ರ ನಗುವುದಿಲ್ಲ. ಪೈಪು ಬಲಕ್ಕೆ ಹೋಗುತ್ತದೆ ಎಂದು ಮನೆಯವರು ಹೇಳಿದ್ದರು, ಕೈಗೆ ಅದು ಎಡಕ್ಕೆ ಹೊರಳಿದಂತೆ ಅನಿಸಿದೆ. ಬರಿದಾದ ಬಚ್ಚಲನ್ನು ಅವರು ಇನ್ನೂ ನೋಡುತ್ತಲೇ ಇದ್ದಾರೆ.

“ನೆಲದ ಕೆಳಗಿಂದು ಕಣ್ಣಿಗೆ ಕಾಣ್ತದೇನ್ರಿ? ಕೈ ಒಂದು ಹೇಳ್ತದ, ನೀರು ಇನ್ನೊಂದು ಹೇಳ್ತದ. ಇಷ್ಟು ವರ್ಷ ಆತು, ಯಾವದು ಖರೆ ಅಂತ ನಂಗ ಇವತ್ತಿಗೂ ಗೊಂದಲ,” ಎನ್ನುತ್ತಾರೆ.

ರಾಯಚೂರಿನಲ್ಲಿ ಸ್ಪ್ರಿಂಗು ಹಾಕಿ ಬಚ್ಚಲು ಬಿಡಿಸುವ ಹೆಂಗಸು ಇವರೊಬ್ಬರೇ. ದೇವದುರ್ಗ, ಮಾನ್ವಿಗಳಿಂದಲೂ ಕರೆ ಬರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಮೂರು ನಾಲ್ಕು ಮನೆ, ಬೇಸಗೆಯಲ್ಲಿ ವಾರವಿಡೀ ಒಂದೂ ಇರುವುದಿಲ್ಲ. ಆದರೂ ತೀನ್ ಕಂದೀಲ್ ಚೌಕದ ಹತ್ತಿರ ನಿಂತು ಹೀರಾಬಿಯ ಮನೆ ಯಾವುದು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. “ಬಚ್ಚಲದಾಕಿ” ಎಂದರೆ ಮಾತ್ರ ಗೊತ್ತು.

ಹೀರಾಬಿ ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಕಲ್ಲೂರಿನಲ್ಲಿ. ತಂದೆ ಸಂತೆಯಿಂದ ಸಂತೆಗೆ ಬಳೆ ಹೊತ್ತು ಮಾರುತ್ತಿದ್ದವರು. ಮದುವೆಯಾಗಿ ರಾಯಚೂರಿಗೆ ಬಂದಾಗ ಗಂಡ ಗುಲಾಮ್ ರಸೂಲ್ ನಳ, ಪೈಪು ಕೂಡಿಸುವ ಕೆಲಸದಲ್ಲಿದ್ದರು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಉಳ್ಳವರ ಮನೆಗಳಿಗೆ ಆಗಷ್ಟೇ ನಳ ಬರುತ್ತಿತ್ತು. ಅಲ್ಲಿಯವರೆಗೆ ಬಚ್ಚಲಿನ ನೀರು ಗೋಡೆಯ ತೂತಿನಿಂದ ಬೀದಿಯ ಗಟಾರಕ್ಕೆ ತೆರೆದ ಕಾಲುವೆಯಲ್ಲಿ ಹೋಗುತ್ತಿತ್ತು. ಅದನ್ನು ಮುಚ್ಚಿ ನೆಲದಡಿ ಪೈಪು ಹಾಕಿಸುವುದು ದೊಡ್ಡಸ್ತಿಕೆಯಾಯಿತು. ಗುಲಾಮ್ ರಸೂಲ್ ರಾಯಚೂರು, ಮಾನ್ವಿ, ದೇವದುರ್ಗಗಳ ಎಷ್ಟೋ ಮನೆಗಳಲ್ಲಿ ಪೈಪು ಹೂತರು. ಹೂತದ್ದು ಕಟ್ಟಿಕೊಂಡರೆ ಬಿಡಿಸಲು ಹೈದರಾಬಾದಿನ ಗುಜರಿಯಿಂದ ಈ ಸ್ಪ್ರಿಂಗು ತಂದರು.

ಎಪ್ಪತ್ತೊಂಬತ್ತರಲ್ಲಿ ಮಾನ್ವಿಯ ಒಂದು ಮನೆಯ ಮಾಳಿಗೆಯ ಮೇಲೆ ನೀರಿನ ಟಾಕಿ ಕೂಡಿಸುವಾಗ ಅವರು ಕಾಲು ಜಾರಿ ಬಿದ್ದರು. ತಲೆಗೆ ಪೆಟ್ಟು. ಬದುಕಿ ಮನೆಗೆ ಬಂದರು, ಕೈಕಾಲೂ ನೆಟ್ಟಗಾದವು. ಆದರೆ ನೆನಪು ಕಲಸಿಹೋಯಿತು. ಚಿಕ್ಕಂದಿನ ಈದ್ ಹಬ್ಬದ ಅಂಗಿಯ ಬಣ್ಣ ನೆನಪಿದೆ, ಮುಂಜಾನೆ ಉಂಡದ್ದು ನೆನಪಿಲ್ಲ. ಕೆಲವು ದಿನ ಹೆಂಡತಿಯನ್ನೇ ದಿಟ್ಟಿಸಿ ನೋಡಿ, ಯಾರಮ್ಮ ನೀನು ಎಂದು ಕೇಳಿದ್ದೂ ಉಂಟು.

ಸ್ಪ್ರಿಂಗು ಹೀರಾಬಿಯ ಕೈಗೆ ಬಂದದ್ದು ಯೋಚಿಸಿ ಅಲ್ಲ. ಓಣಿಯ ಅಮೀರ್ ಬೀ ಅವರ ಮನೆಯ ಬಚ್ಚಲು ಕಟ್ಟಿತ್ತು. ಪರದೆಯ ಮನೆ. ಹೊರಗಿನ ಗಂಡಸು ಒಳಗೆ ಬಂದರೆ ಹೆಂಗಸರೆಲ್ಲ ಒಂದು ಕೋಣೆಯಲ್ಲಿ ಅಡಗಿ ಕೂರಬೇಕು. ಸ್ಪ್ರಿಂಗು ಕೊಟ್ಟು ಬರಲು ಹೋದ ಹೀರಾಬಿಯನ್ನೇ ಅಮೀರ್ ಬೀ, “ನೀನೇ ತಿರುಗಿಸಿ ನೋಡು” ಎಂದರು. ಹೀರಾಬಿ ತಪ್ಪು ದಿಕ್ಕಿಗೆ ತಿರುಗಿಸಿದರು. ಬಿಗಿದುಕೊಂಡಿದ್ದ ಸ್ಪ್ರಿಂಗು ಬಿಚ್ಚಿ ಮುಖಕ್ಕೆ ಬಾರಿಸಿತು. ಗದ್ದದ ಮೇಲಿನ ಗಾಯದ ಗುರುತು ಇವತ್ತಿಗೂ ಇದೆ. ಆದರೆ ನೀರು ಹೋಯಿತು. ಹೇಗೆ ಹೋಯಿತೆಂದು ಅವರಿಗೆ ತಿಳಿಯಲಿಲ್ಲ. ಮಾರನೆಯ ದಿನ ಮತ್ತೊಂದು ಪರದೆಯ ಮನೆಯವರು ಹೇಳಿಕಳಿಸಿದರು, ಆಮೇಲೆ ಪರದೆ ಇಲ್ಲದ ಮನೆಯವರೂ ಕರೆದರು.

ಕೆಲಸಕ್ಕಿಂತ ಜನ ಅವರನ್ನು ಹೆಚ್ಚು ಗೊಂದಲಕ್ಕೆ ಕೆಡವಿದ್ದಾರೆ. ಗಂಡನ ಕಡೆಯ ನೆಂಟರು ಕೆಲವರು ಅವರ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಇನ್ನು ಕೆಲವರು ಗಂಡಸರಿಗೆ ಹೇಳುವ ಹಾಗೆಯೇ ‘ಮೇಸ್ತ್ರಿ’ ಎಂದರು. “ಒಂದು ಮನಿಯಾಗ ಹಿತ್ತಲ ಬಾಗ್ಲ ತೋರಿಸ್ತಾರ, ಕುಡ್ಯಾಕ ನೀರು ಮ್ಯಾಲಿಂದ ಬೊಗಸಿಗೆ ಸುರೀತಾರ. ಬಾಜೂ ಮನಿಯಾಗ ಕುರ್ಚಿ ಹಾಕಿ ಚಾ ಕೊಡ್ತಾರ. ಹೊಸ ಮನಿ ಮುಂದ ನಿಂತಾಗ ಯಾವ ಬಾಗ್ಲ ಬಡೀಬೇಕು ಅಂತ ತಿಳಿಯಂಗಿಲ್ರೀ. ಸುಮ್ಮನ ರಸ್ತೇದಾಗ ನಿಂತು ‘ಯಾರಿದ್ದೀರಿ’ ಅಂತ ಒದರತೀನಿ. ಯಾವ ಬಾಗ್ಲ ತಗೀತಾರೋ ಅದೇ ಬಾಗ್ಲ.”

ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ದೇವದುರ್ಗದಲ್ಲಿ ನಡೆದ ಪ್ರಸಂಗವನ್ನು ಅವರು ನಿಧಾನವಾಗಿ, ನಡುನಡುವೆ ನಿಂತು ಹೇಳುತ್ತಾರೆ. ಅಲ್ಲಿನ ಹತ್ತಿ ದಲಾಲ ಹನುಮಂತ್ರಾಯರ ಮನೆಯ ಬಚ್ಚಲು ಕಟ್ಟಿತ್ತು. ಗೋಣಿಚೀಲದಲ್ಲಿ ಸ್ಪ್ರಿಂಗು ಸುತ್ತಿಕೊಂಡು ಮೊದಲ ಬಸ್ಸಿಗೆ ಹೋದರು. ಹನುಮಂತ್ರಾಯರ ಹೆಂಡತಿ ಗೋಪಮ್ಮ ಬಚ್ಚಲು ತೋರಿಸಿದರು. ಹೀರಾಬಿ ತಿರುಗಿಸತೊಡಗಿದರು.

ಸ್ಪ್ರಿಂಗು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಎಲ್ಲೂ ತಡೆ ಇಲ್ಲ. ಹಿಡಿಕೆಯವರೆಗೂ ಒಳಗೆ ಇಳಿಯಿತು. ತಡೆಯೇ ಇಲ್ಲದಿದ್ದರೆ ನೀರು ಯಾಕೆ ನಿಂತಿದೆ? ಹೀರಾಬಿ ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಸ್ಪ್ರಿಂಗಿಗೆ ಆ ಕಡೆಯಿಂದ ಜೋರಾಗಿ ಪೆಟ್ಟು ಬಿದ್ದ ಹಾಗಾಯಿತು. ಅಡ್ಡ ಇದ್ದದ್ದು ಸಿಕ್ಕಿತೆಂದು ಖುಷಿಯಾಗಿ ಇನ್ನಷ್ಟು ರಭಸದಿಂದ ತಿರುಗಿಸಿದರು. ಮತ್ತೆ ಪೆಟ್ಟು. ಮತ್ತೆ ತಿರುಗಿಸಿದರು. ಆಗ ಗೋಡೆಯ ಆಚೆಯಿಂದ ಕಿರುಚಾಟ ಕೇಳಿಸಿತು.

“ಹಾವು! ಹಾವು ಬಂದದ, ಬರ್ರೋ ಯಾರಾದ್ರೂ! ಹೊಡದ್ರೂ ಸಾಯವಲ್ದು, ಇನ್ನೂ ಕುಣೀತದ!”

ಪಕ್ಕದ ಮನೆ ಹನುಮಂತ್ರಾಯರ ಅತ್ತಿಗೆ ಅಯ್ಯಮ್ಮನವರದು. ಅಣ್ಣ ಜಂಬಣ್ಣ ತೀರಿಕೊಂಡ ಮೇಲೆ ಆಸ್ತಿ ಪಾಲಾಗಿ, ಒಂದೇ ಮನೆಯ ನಡುವೆ ಗೋಡೆ ಎದ್ದಿತ್ತು. ಅಂದಿನಿಂದ ಎರಡೂ ಮನೆಯವರಿಗೆ ಮಾತಿಲ್ಲ. ಅಯ್ಯಮ್ಮ ಹಂಡೆಗೆ ಉರಿ ಹಾಕಲು ಕೂತಿದ್ದಾಗ ತಮ್ಮ ಬಚ್ಚಲಿನ ತೂತಿನಿಂದ ಕಬ್ಬಿಣದ ಮೂತಿ ತಿರುಗುತ್ತ ಮೇಲೆದ್ದಿತ್ತು. ಅವರು ಒನಕೆ ತಂದು ಬಾರಿಸಿದ್ದರು.

ಓಣಿಯ ಜನ ಓಡಿಬಂದರು. ಒಬ್ಬರು ಬಗ್ಗಿ ನೋಡಿ, “ಇದು ಕಬ್ಬಿಣದ್ದು ಯವ್ವಾ!” ಎಂದರು. ಅಯ್ಯಮ್ಮ ಒನಕೆ ಕೆಳಗಿಟ್ಟರು. ಒಂದು ವರ್ಷದಿಂದ ಅವರ ಬಚ್ಚಲಿನಲ್ಲಿ, ಅವರು ಒಂದು ತಂಬಿಗೆ ನೀರು ಹಾಕದಿದ್ದರೂ, ಗಲೀಜು ನೀರು ತಾನಾಗಿ ಉಕ್ಕುತ್ತಿತ್ತು. ಯಾರೋ ಮಾಟ ಮಾಡಿಸಿದ್ದಾರೆಂದು ಮಂತ್ರಿಸಿದ ನಿಂಬೆಹಣ್ಣು ತಂದು ಕಟ್ಟಿದ್ದರು. ಈಗ ಅವರಿಗೆ ಎಲ್ಲ ಹೊಳೆಯಿತು.

“ನಿಮ್ಮ ಮೈ ತೊಳದ ನೀರು ನನ್ನ ಮನಿಯಾಗ ಬಿಟ್ಟೀರೇನು?” ಎಂದು ಗೋಡೆಯ ಮೇಲಿಂದ ಕೂಗಿದರು.

“ನೀವೇ ಪೈಪಿಗೆ ಏನೋ ತುರುಕೀರಿ ಅತ್ತಿಗೀ, ಅದಕ್ಕ ನಮ್ಮದು ಕಟ್ಟೇದ,” ಎಂದು ಹನುಮಂತ್ರಾಯ ಈಚೆಯಿಂದ ಕೂಗಿದರು.

ಅಯ್ಯಮ್ಮ ಸ್ಪ್ರಿಂಗಿನ ಮೂತಿಯನ್ನು ಎಳೆದು, ಕಂಬಕ್ಕೆ ಸುತ್ತಿ ಹಗ್ಗದಿಂದ ಬಿಗಿದರು. “ಇದು ನನ್ನ ಮನಿಯಾಗ ಹೊಕ್ಕದ. ಹಿರೇರು ಬಂದು ನ್ಯಾಯ ಹೇಳೋತನ ಬಿಡಂಗಿಲ್ಲ.”

ಹಿಡಿಕೆ ಒಂದು ಮನೆಯಲ್ಲಿ, ಮೂತಿ ಇನ್ನೊಂದು ಮನೆಯಲ್ಲಿ, ಹೀರಾಬಿ ಬೀದಿಯಲ್ಲಿ. ಈ ಬಾಗಿಲಿಗೆ ಓಡಿ ಬೇಡಿದರು, ಆ ಬಾಗಿಲಿಗೆ ಓಡಿ ಬೇಡಿದರು. ಬಂದ ಹಿರಿಯರು ಅವರನ್ನೇ ಹಿಡಿದು ಕೇಳಿದರು: ಪೈಪು ಯಾರದು? ಕಟ್ಟಿದ್ದು ಯಾರು? ಹೀರಾಬಿ, “ಗೊತ್ತಿಲ್ರೀ” ಎಂದರು. “ನೀ ಬಿಟ್ಟ ಹಾವು, ನಿನಗೇ ಗೊತ್ತಿಲ್ಲಂದ್ರ ಹೆಂಗ ಬೇ?” ಎಂದು ಒಬ್ಬರು ಬೈದರು. ಸಂಜೆ ಬರಿಗೈಯಲ್ಲಿ ಬಸ್ಸು ಹತ್ತಿದರು. ದುಡಿದು ತಿನ್ನಲು ಇದ್ದದ್ದು ಅದೊಂದೇ ಸ್ಪ್ರಿಂಗು.

ಮನೆಯಲ್ಲಿ ಗಂಡನ ಮುಂದೆ ಕೂತು ಅತ್ತರು. ಹೊರಸಿನ ಮೇಲೆ ಮಲಗಿದ್ದ ಗುಲಾಮ್ ರಸೂಲ್ ಸೂರು ನೋಡುತ್ತಲೇ, “ದೇವದುರ್ಗದ ಹತ್ತಿ ದಲಾಲರ ಮನಿಯೇನು? ಎರಡು ಬಚ್ಚಲಕ್ಕ ಒಂದೇ ಚೇಂಬರು” ಎಂದರು. ಹೀರಾಬಿ ಬೆಚ್ಚಿ ಕಣ್ಣೊರೆಸಿಕೊಂಡರು. ಆ ಪೈಪು ಹಾಕಿದ್ದು ನೀವೇನಾ? ಪೈಪುಗಳು ಬಂದು ಕೂಡುವ ಆ ಚೇಂಬರು ಎಲ್ಲಿದೆ? ಎಂದು ಕೇಳಿದರು. ಗುಲಾಮ್ ರಸೂಲ್, ಅದು ಮಾನ್ವಿಯಲ್ಲಿ ಎಂದರು. ಆಮೇಲೆ, ದೇವದುರ್ಗವನ್ನು ನಾನು ಕಂಡೇ ಇಲ್ಲ ಎಂದರು.

“ಅವ್ರ ಮಾತು ನಂಬಬೇಕೋ ಬ್ಯಾಡೋ ತಿಳೀಲಿಲ್ರೀ. ನಂಬಿ ಕರಕೊಂಡು ಹೋದ್ರ ಊರ ಮುಂದ ಅವ್ರ ಮಾನ ಹೋಗ್ತದ. ಕರಕೊಂಡು ಹೋಗಲಿಲ್ಲಂದ್ರ ಹೊಟ್ಟಿಗೆ ಇಲ್ಲ.”

ಬಿದಿರಿನ ಸೀಳಿನಿಂದ ಒಂದೆರಡು ಮನೆಯ ಬಚ್ಚಲು ಬಿಡಿಸಲು ನೋಡಿದರು, ಅದು ತಿರುವಿನಲ್ಲಿ ಮುರಿಯಿತು. ಕೊನೆಗೆ ಒಂದು ದಿನ ಗಂಡನಿಗೆ ಒಗೆದ ಅಂಗಿ ತೊಡಿಸಿ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಅವರು ಹೈದರಾಬಾದಿಗೆ ಹೊರಟಿದ್ದೇವೆ ಎಂದೇ ತಿಳಿದಿದ್ದರು.

ದೇವದುರ್ಗ ತಲುಪುವ ಹೊತ್ತಿಗೆ ಎರಡೂ ಮನೆಗಳು ಸೋತು ಹೋಗಿದ್ದವು. ಸ್ಪ್ರಿಂಗು ಅಡ್ಡ ಬಿದ್ದು ಇದ್ದ ದಾರಿಯೂ ಇಕ್ಕಟ್ಟಾಗಿ, ಇಬ್ಬರ ಬಚ್ಚಲೂ ತುಂಬಿ ಅಂಗಳಕ್ಕೆ ಹರಿದಿದ್ದವು. ಪೈಪು ಹಾಕಿದವರು ಇವರೇ ಇರಬಹುದು ಎಂದು ಹೀರಾಬಿ ಹೇಳಿದ್ದಕ್ಕೆ ಹನುಮಂತ್ರಾಯರ ಅಂಗಳದಲ್ಲಿ ಹಿರಿಯರು ಸೇರಿದರು. ಅಯ್ಯಮ್ಮ ತಮ್ಮ ಮಾಳಿಗೆಯ ಮೇಲೆ ನಿಂತರು.

“ಹೇಳು ಸಾಬ್, ಪೈಪು ನಮ್ಮ ಪಾಲಿಂದೇ ಹೌದಲ್ಲ?” ಎಂದರು ಹನುಮಂತ್ರಾಯ.

“ಖರೆ ಹೇಳು. ಅವರ ಮಾರಿ ನೋಡಿ ಹೇಳಬ್ಯಾಡ,” ಎಂದರು ಮೇಲಿನಿಂದ ಅಯ್ಯಮ್ಮ.

ಗುಲಾಮ್ ರಸೂಲ್ ಮೇಲೆ ಅಯ್ಯಮ್ಮನವರನ್ನು ನೋಡಿದರು, ಕೆಳಗೆ ಹನುಮಂತ್ರಾಯರನ್ನು ನೋಡಿದರು. ಇಷ್ಟು ಜನ ಯಾಕೆ ಸೇರಿದ್ದಾರೆಂದು ತಿಳಿಯದೆ ಮಗುವಿನ ಹಾಗೆ ಹೆಂಡತಿಯ ಸೆರಗು ಹಿಡಿದುಕೊಂಡರು. ಯಾರೋ ಕಿಸಕ್ಕೆಂದು ನಕ್ಕರು. ಹೀರಾಬಿಗೆ ನೆಲ ಬಾಯಿಬಿಡಬಾರದೇ ಅನಿಸಿತು.

“ಬಿಡ್ರೀ ಅವ್ರನ್ನ,” ಎಂದರು. “ಸ್ಪ್ರಿಂಗು ನೀವೇ ಇಟಗೊಳ್ರಿ. ನಾವು ಹೋಗ್ತೀವಿ.”

ಹೊರಡಲು ತಿರುಗಿದಾಗ ಗುಲಾಮ್ ರಸೂಲ್ ಸೆರಗು ಬಿಟ್ಟು ನಡುಗೋಡೆಯ ಹತ್ತಿರ ಹೋದರು. ಅಂಗೈಯನ್ನು ಗೋಡೆಯ ಮೇಲಿಟ್ಟು ಬಹಳ ಹೊತ್ತು ನಿಂತರು.

“ಈ ಗ್ವಾಡಿ ಇಲ್ಲಿ ಇರಲಿಲ್ಲ,” ಎಂದರು. ಆಮೇಲೆ ಸುತ್ತ ನೋಡಿ, “ಜಂಬಣ್ಣ ಸಾವಕಾರ್ರು ಎಲ್ಲಿ? ಇಲ್ಲೇ ಹಲಗಿ ಮ್ಯಾಲ ಕುಂತು ನಮಗೆಲ್ಲ ಚಾ ತರಸ್ತಿದ್ರು. ಚೇಂಬರ್ ಕಲ್ಲು ಇಡುವಾಗ ತಾವೇ ಒಂದು ಕೈ ಹಿಡದ್ರು,” ಎಂದು ಕೇಳಿದರು.

ಮಾಳಿಗೆಯ ಮೇಲಿದ್ದ ಅಯ್ಯಮ್ಮ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಹನುಮಂತ್ರಾಯರ ಮುಂಬಾಗಿಲಿನಿಂದ ಒಳಗೆ ಬಂದರು. ಪಾಲಾದ ಮೇಲೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

“ನಮ್ಮವ್ರನ್ನ ನೀ ನೋಡಿದ್ದೇನು?” ಎಂದು ಗುಲಾಮ್ ರಸೂಲರನ್ನು ಕೇಳಿದರು. ಅವರು ಸುಮ್ಮನೆ ನಕ್ಕರು. ಆಗಲೇ ಮರೆತಿದ್ದರೇನೋ.

ಚೇಂಬರು ಗೋಡೆಯ ಬುಡದಲ್ಲೇ ಇರಬೇಕು, ತೆಗೆದು ನೋಡೋಣ ಎಂದರು ಹೀರಾಬಿ. ಹಿರಿಯರು ನಿಂತು ಕಟ್ಟಿಸಿದ ಗೋಡೆ ಮುಟ್ಟುವುದು ಬೇಡವೆಂದು ಹನುಮಂತ್ರಾಯರು ಹೇಳಿದರು. “ಗ್ವಾಡಿ ಇರಲಿ ಬಿಡಪಾ,” ಎಂದರು ಅಯ್ಯಮ್ಮ. “ಬುಡದಾಗ ಒಂದು ಕಲ್ಲು ತಗದು ನೋಡಾಕ ಏನು? ನನ್ನ ಕಡಿಯಿಂದ ತಗೀರಿ.” ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ಅವರೇ ಹೋಗಿ ಬಿಚ್ಚಿದರು.

ಹೀರಾಬಿ ಹಾರೆ ಹಿಡಿದರು. ಬುಡದ ಕಲ್ಲು ಸರಿಸಿ ಕೈಯಿಂದ ಮಣ್ಣು ಬಗೆದಾಗ ಚಪ್ಪಡಿ ಸಿಕ್ಕಿತು, ಚಪ್ಪಡಿಯ ಕೆಳಗೆ ಚೇಂಬರು. ಎರಡೂ ಮನೆಯ ಪೈಪು ಅಲ್ಲಿ ಬಂದು ಕೂಡಿದ್ದವು. ಅಲ್ಲಿಂದ ಬೀದಿಗೆ ಹೋಗುವ ಪೈಪಿನ ಬಾಯಲ್ಲಿ ಗೋಡೆ ಕಟ್ಟಿದಾಗ ಬಿದ್ದ ಇಟ್ಟಿಗೆ ಚೂರು, ಗಾರೆ ಗಟ್ಟಿಯಾಗಿ ಕೂತಿದ್ದವು. ಅದರ ಮೇಲೆ ವರ್ಷಗಟ್ಟಲೆಯ ಕೂದಲು, ಜಿಡ್ಡು. ಮುಂದೆ ದಾರಿ ಇಲ್ಲದ್ದಕ್ಕೇ ಸ್ಪ್ರಿಂಗು ಹೊರಳಿ ಅಯ್ಯಮ್ಮನವರ ಪೈಪು ಹೊಕ್ಕಿತ್ತು. ಯಾರೂ ಏನನ್ನೂ ತುರುಕಿರಲಿಲ್ಲ. ಹೀರಾಬಿ ಅಂಗೈ ಸುಲಿಯುವವರೆಗೆ ಗಾರೆ ಒಡೆದು, ಒನಕೆಯ ಪೆಟ್ಟಿಗೆ ಸೊಟ್ಟಗಾದ ಮೂತಿಯಿಂದಲೇ ಬೀದಿಯವರೆಗೆ ತಿರುಗಿಸಿದರು. ಎರಡೂ ಮನೆಯ ನೀರು ಒಟ್ಟಿಗೆ ಇಳಿಯಿತು.

ಎರಡು ಮನೆ ಒಂದಾದವು ಎಂದು ಬರೆದರೆ ಸುಳ್ಳಾಗುತ್ತದೆ. ಗೋಡೆ ಅಲ್ಲೇ ಇದೆ. ಬುಡದಲ್ಲಿ ಮಾತ್ರ ತೆಗೆದು ಹಾಕುವ ಕಲ್ಲೊಂದು ಇಟ್ಟಿದ್ದಾರೆ. ಬಚ್ಚಲಿನ ವಿಷಯ ಬಂದರೆ ಓರಗಿತ್ತಿಯರಿಬ್ಬರೂ ಮಾತಾಡುತ್ತಾರಂತೆ, ಉಳಿದ ವಿಷಯಕ್ಕೆ ಇಲ್ಲ.

ಅಂದು ಸಂಜೆ ವಾಪಸಾಗುವ ಬಸ್ಸಿನಲ್ಲಿ ಗುಲಾಮ್ ರಸೂಲ್ ಬಹಳ ಗೆಲುವಾಗಿದ್ದರು. ಪಕ್ಕದಲ್ಲಿ ಕೂತವರಿಗೆ, “ದೇವದುರ್ಗದಾಗ ದೊಡ್ಡ ಕೆಲಸ ಮಾಡಿ ಬಂದೆ. ಗ್ವಾಡಿ ಬುಡ ಒಡದು ಚೇಂಬರ್ ತಗದೆ. ಈಕಿ ಸುಮ್ಮನ ಜೋಡಿ ಬಂದಾಳ” ಎಂದು ಹೇಳುತ್ತಿದ್ದರು. ಹೀರಾಬಿ ಸುಲಿದ ಅಂಗೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು.

ಅಂದಿನಿಂದ ಹಾಗೇ ನಡೆದಿದೆ. ಹೀರಾಬಿ ದುಡಿದು ಬಂದು ಹೇಳಿದ್ದನ್ನೆಲ್ಲ ಗುಲಾಮ್ ರಸೂಲ್ ಕೇಳಿಸಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಓಣಿಯವರಿಗೆ ತಾವೇ ಮಾಡಿದ್ದೆಂದು ಹೇಳುತ್ತಾರೆ. ಅವರ ನೆನಪು ಕೆಲಸಕ್ಕೆ ಬಂದೀತೆಂದು ಹೀರಾಬಿ ಒಮ್ಮೆ ಮಾನ್ವಿಗೂ ಕರೆದೊಯ್ದರು. ಇಲ್ಲೇ ಅಗೆಯಿರಿ ಎಂದು ಅವರು ಗಟ್ಟಿಯಾಗಿ ಹೇಳಿದ ಕಡೆ ಅಗೆದರೆ ಪೈಪೇ ಇರಲಿಲ್ಲ. ಮನೆಯ ಯಜಮಾನರು ಬಾಯಿಗೆ ಬಂದಂತೆ ಬೈದರು. ಹೀರಾಬಿ ಗುಂಡಿ ಮುಚ್ಚಿ, ಮೇಲೆ ಸಗಣಿ ಸಾರಿಸಿ ಬಂದರು. ಹಾಗಾದರೆ ದೇವದುರ್ಗದಲ್ಲಿ ಅವರಿಗೆ ನಿಜಕ್ಕೂ ನೆನಪಾಗಿತ್ತೋ, ಏನೋ ಒಂದು ಬಾಯಿಗೆ ಬಂದಿತ್ತೋ? ಹೀರಾಬಿಗೆ ಗೊತ್ತಿಲ್ಲ. ಗಂಡನಿಗೂ ಗೊತ್ತಿಲ್ಲ.

ನೀವು ಮಾಡಿದ್ದನ್ನು ತಮ್ಮದೆನ್ನುತ್ತಾರಲ್ಲ, ತಿದ್ದುವುದಿಲ್ಲವೇ ಎಂದು ಕೇಳಿದರೆ ಅವರು ತಲೆಯಾಡಿಸುತ್ತಾರೆ.

“ಹೆಂಗ ತಿದ್ದಲ್ರೀ? ಅವ್ರ ಮಾರಿ ಸಣ್ಣದಾಗ್ತದ. ಪೈಪು ಹಾಕಿದವ್ರು ಅವ್ರೇ, ಸ್ಪ್ರಿಂಗು ತಂದವ್ರೂ ಅವ್ರೇ. ಅವ್ರು ಹೇಳೋದು ಕೇಳಿ ಕೇಳಿ ಒಂದೊಂದು ಸಲ ನನಗೇ ಗೊಂದಲ ಆಗ್ತದ, ಖರೇನ ನಾನೇ ಮಾಡಿದ್ನೇನು ಅಂತ. ಆಗ ಅಂಗೈ ನೋಡ್ಕೋತೀನಿ.”

ಸಂಜೆಯಾಗುತ್ತಿದೆ. ತಮ್ಮ ಮನೆಯ ಬಾಗಿಲಲ್ಲಿ ಕೂತು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವರು ಸ್ಪ್ರಿಂಗಿನ ಸುರುಳಿಗಳನ್ನು ಒರೆಸುತ್ತಿದ್ದಾರೆ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ನಾಚುತ್ತಾರೆ, ಆಮೇಲೆ ದನಿ ತಗ್ಗಿಸುತ್ತಾರೆ.

“ಒಮ್ಮೆ ‘ಹೀರಾ, ಇದು ನೀ ಮಾಡಿದ್ದು’ ಅಂದ್ರ ಸಾಕ್ರೀ. ಮರುದಿನ ಮರ್ತ್ರೂ ನಡೀತದ.”

ಒಳಗಿನ ಹೊರಸಿನಿಂದ ಗುಲಾಮ್ ರಸೂಲ್ ಕೂಗುತ್ತಾರೆ: “ಹೀರಾ, ನಾಳಿ ನಾ ಎಲ್ಲಿಗೆ ಹೋಗಬೇಕು?”

“ಮಲ್ಲಟ ಊರಿಗ್ರೀ,” ಎನ್ನುತ್ತಾರೆ ಹೀರಾಬಿ, ಸ್ಪ್ರಿಂಗನ್ನು ಗೋಣಿಚೀಲಕ್ಕೆ ತುಂಬುತ್ತ. “ಲಗೂ ಮಲಕೊಳ್ರಿ. ಮೊದಲನೇ ಬಸ್ಸಿಗೆ ಹೋಗೂದದ.”